ಮಂಡಿ ಆಪರೇಷನ್ ಆಗಿರುವ ಅಮ್ಮನಿಗೆ ಯಾವ ಫಾಲ್ಸ್ ತೋರಿಸಲಿ? (ಮೈಸೂರಿನಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್)

ಕುವೆಂಪುನಗರದವಳು
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಕಥೆ ಸ್ವಲ್ಪ ಉದ್ದ.

ಅಮ್ಮನಿಗೆ 67. ಎರಡು ವರ್ಷದ ಹಿಂದೆ ಬಲಗಾಲಿನ ಮಂಡಿ ಆಪರೇಷನ್ ಆಯಿತು. ಮನೆಯಲ್ಲಿ ಆರಾಮಾಗಿ ಓಡಾಡುತ್ತಾರೆ, ದೇವರಾಜ ಮಾರ್ಕೆಟ್‌ಗೂ ಬರುತ್ತಾರೆ. ಮೆಟ್ಟಿಲು ಹತ್ತುವುದು ನಿಧಾನ, ಇಳಿಯುವುದು ಇನ್ನೂ ನಿಧಾನ. ಅವರದ್ದು ಒಂದು ಹಳೆಯ ಆಸೆ. ಕಾಡಿನೊಳಗೆ ಬೀಳುವ ನೀರಿನ ಹತ್ತಿರ ನಿಂತು ಮುಖಕ್ಕೆ ಹನಿ ಬೀಳಿಸಿಕೊಳ್ಳಬೇಕಂತೆ. ಮದುವೆಯಾದ ಹೊಸತರಲ್ಲಿ ಅಪ್ಪ ಜೋಗಕ್ಕೆ ಕರೆದುಕೊಂಡು ಹೋಗಿದ್ದರು. ಮೂರು ಗಂಟೆ ಕಾದರೂ ಮಂಜು ಸರಿಯಲಿಲ್ಲವಂತೆ. "ಜೋಗಕ್ಕೆ ಹೋಗಿ ಸದ್ದು ಕೇಳಿಕೊಂಡು ಬಂದೆ" ಅಂತ ಇವತ್ತಿಗೂ ಹೇಳುತ್ತಾರೆ.

ಹೋದ ವರ್ಷ ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಒಂದು ಜಾಗ ಹೇಳಿದ. ಹೆಸರು ಬೇಡ. "ಈಸಿ ಅಕ್ಕ, ಐದೇ ನಿಮಿಷ" ಅಂದ. ಹೋಗಿ ನೋಡಿದರೆ ಮೆಟ್ಟಿಲು ಮುಗಿಯಲೇ ಇಲ್ಲ. ಅಮ್ಮ ಅರ್ಧದಲ್ಲೇ ಒಂದು ಕಲ್ಲಿನ ಮೇಲೆ ಕೂತರು. ನಾವು ಕೆಳಗಿಳಿದು ಫೋಟೋ ತೆಗೆದುಕೊಂಡು ಬಂದು ತೋರಿಸಿದೆವು. ನಮ್ಮೆಲ್ಲರ ಬ್ಯಾಗು, ಛತ್ರಿ ತೊಡೆ ಮೇಲಿಟ್ಟುಕೊಂಡು ಕೂತಿದ್ದರಲ್ಲ, ಅದು ನೆನಪಾದರೆ ಈಗಲೂ ಒಂಥರಾ ಆಗುತ್ತೆ.

ಹಾಗಾಗಿ ದಯವಿಟ್ಟು ಯಾರೂ "ಈಸಿ" ಅನ್ನಬೇಡಿ. ಮೆಟ್ಟಿಲು ಎಷ್ಟಿದೆ, ಹಿಡಿದುಕೊಳ್ಳಲು ಕಂಬಿ ಇದೆಯಾ, ಮಧ್ಯೆ ಕೂರಬಹುದಾ, ಟಾಯ್ಲೆಟ್ ಎಲ್ಲಿ, ಇಷ್ಟು ಹೇಳಿ ಸಾಕು. ಕಾರಿದೆ, ತಮ್ಮ ಓಡಿಸುತ್ತಾನೆ.

ಮಳವಳ್ಳಿ ಮೈಲಿಗಲ್ಲು
ಇದಕ್ಕೂ ಕೇಳಬೇಕಾ ಅಕ್ಕ? ಗಗನಚುಕ್ಕಿ. ಮಳವಳ್ಳಿ ಕಡೆಯಿಂದ ಬನ್ನಿ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದರೆ ಎದುರಿಗೇ ಕಾಣುತ್ತೆ. ಕೆಳಗಿನ ಕಟ್ಟೆಗೆ ಮೆಟ್ಟಿಲಿದೆ, ಆದರೆ ಇಳಿಯಲೇಬೇಕು ಅಂತೇನಿಲ್ಲ. ಬನ್ನೂರು ಮೇಲೆ ಬಂದರೆ ಎರಡು ಗಂಟೆ ದಾರಿ. ವಾಪಸ್ ಹೋಗುವಾಗ ನಮ್ಮ ಮನೆಯಲ್ಲಿ ಮುದ್ದೆ ಊಟ.

ಬನ್ನೂರು ಕುರಿ
ಮಂಡ್ಯದವರು ಬಂದರು ಅಂದರೆ ಗಗನಚುಕ್ಕಿ ಬಂತು ಅಂತಲೇ ಲೆಕ್ಕ.

ಕುವೆಂಪುನಗರದವಳು
ಮೈಲಿಗಲ್ಲು ಅವರೇ, ಗಗನಚುಕ್ಕಿ ಅಮ್ಮ ನೋಡಿದ್ದಾರೆ. ನೀರು ಕಣಿವೆಯ ಆಚೆ ಬೀಳುತ್ತೆ, ನಾವು ಈಚೆ ನಿಂತಿರುತ್ತೇವೆ. "ಚೆನ್ನಾಗಿದೆ, ಟಿವಿಯಲ್ಲಿ ನೋಡಿದ ಹಾಗಿದೆ" ಅಂದಿದ್ದರು. ಮುದ್ದೆ ಊಟಕ್ಕೆ ಮಾತ್ರ ಯಾವತ್ತಾದರೂ ಬಂದೇ ಬರುತ್ತೇವೆ.

ಕೊಳ್ಳೇಗಾಲದ ರೇಷ್ಮೆ
ಹಾಗಾದರೆ ಭರಚುಕ್ಕಿ. ಅಗಲಕ್ಕೆ ಹರಡಿಕೊಂಡು ಹತ್ತಾರು ಎಳೆಯಾಗಿ ಬೀಳುತ್ತೆ, ಗಗನಚುಕ್ಕಿಗಿಂತ ನೋಡೋಕೆ ಚೆಂದ. ಮೇಲಿನಿಂದಲೇ ಕಾಣುತ್ತೆ. ಕೆಳಗಿಳಿಯಲು ಇನ್ನೂರು ಚಿಲ್ಲರೆ ಮೆಟ್ಟಿಲಿದೆ, ಆ ಆಸೆ ಬಿಟ್ಟುಬಿಡಿ. ನೀರು ಜಾಸ್ತಿ ಇದ್ದರೆ ಹೇಗಿದ್ದರೂ ಕೆಳಗೆ ಬಿಡುವುದಿಲ್ಲ.

ಮಳವಳ್ಳಿ ಮೈಲಿಗಲ್ಲು
ಎತ್ತರದಲ್ಲಿ ನಮ್ಮದೇ ಮುಂದೆ ಸ್ವಾಮಿ.

ಕೊಳ್ಳೇಗಾಲದ ರೇಷ್ಮೆ
ಎತ್ತರವೇ ಮುಖ್ಯ ಅಂದರೆ ತೆಂಗಿನಮರ ನೋಡಿಕೊಂಡು ಕೂರಿ.

ಪಿಂಚಣಿ ಮೇಷ್ಟ್ರು
ಇಬ್ಬರೂ ಸ್ವಲ್ಪ ಸುಮ್ಮನಿರಿ. ಎರಡೂ ಒಂದೇ ಹೊಳೆ ಕಣ್ರಪ್ಪ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ನಡುಗಡ್ಡೆಯನ್ನು ಸುತ್ತಿಕೊಂಡು ಹೋಗುತ್ತಾಳೆ. ಒಂದು ಕವಲು ಗಗನಚುಕ್ಕಿ, ಸುಮಾರು 98 ಮೀಟರ್. ಇನ್ನೊಂದು ಭರಚುಕ್ಕಿ, ಸುಮಾರು 69 ಮೀಟರ್. ಮುಂದೆ ಮತ್ತೆ ಸೇರಿಕೊಳ್ಳುತ್ತಾಳೆ. 1997ರವರೆಗೆ ಕೊಳ್ಳೇಗಾಲ ಮೈಸೂರು ಜಿಲ್ಲೆಯಲ್ಲಿತ್ತು. ಆಮೇಲೆ ಚಾಮರಾಜನಗರಕ್ಕೆ ಸೇರಿತು. ಈಗ ಹೊಳೆಯ ಒಂದು ಕಡೆ ಮಂಡ್ಯ, ಇನ್ನೊಂದು ಕಡೆ ಚಾಮರಾಜನಗರ, ನಿಮ್ಮ ಜಗಳಕ್ಕೂ ಅದೇ ದಾರಿ.

ಇನ್ನೊಂದು ಮಾತು. ಶಿವನಸಮುದ್ರಕ್ಕೆ ಹೋಗುವವರು ಮೊದಲು ಕೆ.ಆರ್.ಎಸ್ ಮತ್ತು ಕಬಿನಿಯಿಂದ ನೀರು ಬಿಟ್ಟಿದ್ದಾರಾ ಅಂತ ಪೇಪರಿನಲ್ಲಿ ನೋಡಿಕೊಳ್ಳಿ. ಬೇಸಿಗೆಯಲ್ಲಿ ಇದ್ದಬದ್ದ ನೀರು ಪವರ್ ಹೌಸ್ ಕಡೆಗೆ ಹೋಗುತ್ತೆ. ನಾನು ಒಮ್ಮೆ ಮಾರ್ಚ್‌ನಲ್ಲಿ ಮಕ್ಕಳನ್ನು ಟೂರ್ ಕರೆದುಕೊಂಡು ಹೋಗಿ ಬರೀ ಬಂಡೆ ತೋರಿಸಿಕೊಂಡು ಬಂದವನು. "ಸಾರ್, ಫಾಲ್ಸ್ ರಜೆಯಲ್ಲಿದೆಯಾ?" ಅಂತ ಒಬ್ಬ ಕೇಳಿದ.

ಮದ್ದೂರು ವಡೆ
ಪವರ್ ಹೌಸ್ ಅಂದಿದ್ದಕ್ಕೆ ನೆನಪಾಯಿತು. ಏಷ್ಯಾದಲ್ಲೇ ಮೊದಲು ನೀರಿನಿಂದ ಕರೆಂಟು ತೆಗೆದದ್ದು ನಮ್ಮ ಶಿವನಸಮುದ್ರದಲ್ಲಿ. ಹೆಮ್ಮೆ ಇರಲಿ.

ಪಿಂಚಣಿ ಮೇಷ್ಟ್ರು
ಹೆಮ್ಮೆ ಇರಲಿ, ಲೆಕ್ಕವೂ ಸರಿ ಇರಲಿ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಶುರುವಾಗಿತ್ತು. ಅದು ಸಣ್ಣದು. ಶಿವನಸಮುದ್ರದ್ದು 1902, ದಿವಾನ್ ಶೇಷಾದ್ರಿ ಅಯ್ಯರ್ ಅವರು ಮುಂದೆ ನಿಂತು ಮಾಡಿಸಿದ ಯೋಜನೆ. ನಮ್ಮ ದೊಡ್ಡಸ್ತಿಕೆ ಏನಪ್ಪಾ ಅಂದರೆ, ಅಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು ಕರೆಂಟು ಕೊಟ್ಟದ್ದು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ.

ಬನ್ನೂರು ಕುರಿ
ಅಕ್ಕ ಕೇಳಿದ್ದು ಟಾಯ್ಲೆಟ್ ಎಲ್ಲಿದೆ ಅಂತ. ನೀವು ಕೋಲಾರ ಮುಟ್ಟಿದಿರಿ.

ಹುಣಸೂರು ಹೊಗೆಸೊಪ್ಪು
ಅಕ್ಕ, ನಿಮಗೆ ಬೇಕಾಗಿರುವುದು ಇರ್ಪು. ಕೊಡಗಿನ ದಕ್ಷಿಣದ ತುದಿ, ಬ್ರಹ್ಮಗಿರಿ ಬೆಟ್ಟದ ಬುಡ, ಕುಟ್ಟದ ಹತ್ತಿರ. ಕಾರು ರಾಮೇಶ್ವರ ದೇವಸ್ಥಾನದವರೆಗೂ ಹೋಗುತ್ತೆ. ಅಲ್ಲಿಂದ ಅರಣ್ಯ ಇಲಾಖೆಯವರ ಟಿಕೆಟ್ ತೆಗೆದುಕೊಂಡು ಕಾಡೊಳಗೆ ನಡೆಯಬೇಕು. ದಾರಿ ಪೂರ್ತಿ ಕಟ್ಟಿದ್ದಾರೆ, ಮಣ್ಣು ಜಾರುವ ಭಯ ಇಲ್ಲ. ಫಾಲ್ಸ್ ಎದುರಿಗೇ ನಿಲ್ಲಬಹುದು. ಹನಿ ಅಲ್ಲ, ಒದ್ದೆ ಆಗಿಯೇ ಬರುತ್ತೀರಿ. ಈಸಿ!

ಕುವೆಂಪುನಗರದವಳು
ಕೊನೆಗೆ ಆ ಪದ ಹಾಕಿಬಿಟ್ಟಿರಲ್ಲ.

ಕುಟ್ಟದ ಕಾಫಿ
ಹೊಗೆಸೊಪ್ಪಣ್ಣ ಅರ್ಧ ಹೇಳಿದರು, ಉಳಿದದ್ದು ನಾನು ಹೇಳುತ್ತೇನೆ. ನಮ್ಮ ಮನೆ ಅಲ್ಲಿಂದ ಹತ್ತಿರ. ವರ್ಷಕ್ಕೆ ನಾಲ್ಕು ಸಲವಾದರೂ ನೆಂಟರನ್ನು ಕರೆದುಕೊಂಡು ಹೋಗುವ ಶಿಕ್ಷೆ ನನಗೇ.

ದೇವಸ್ಥಾನದ ಹತ್ತಿರ ಪೂರ್ತಿ ಸಮತಟ್ಟು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಾಡು. ಟಿಕೆಟ್ ಕೌಂಟರ್ ದಾಟಿದ ಮೇಲೆ ಕಲ್ಲು ಹಾಸಿದ ದಾರಿ, ನಿಧಾನವಾಗಿ ಏರುತ್ತೆ. ಪಕ್ಕದಲ್ಲೇ ಹೊಳೆ ಹರಿಯುತ್ತಿರುತ್ತೆ. ಒಂದು ತೂಗುಸೇತುವೆ ಸಿಗುತ್ತೆ. ಅಲ್ಲಿಯವರೆಗೆ ನಿಮ್ಮ ಅಮ್ಮ ಕೈ ಹಿಡಿದುಕೊಂಡು ಬರಬಹುದು. ಆಮೇಲೆ ಮೆಟ್ಟಿಲು ಶುರು. ಒಂದೇ ಸಮ ಇಲ್ಲ. ಹತ್ತು ಹದಿನೈದು ಮೆಟ್ಟಿಲು, ಸ್ವಲ್ಪ ದಾರಿ, ಮತ್ತೆ ಮೆಟ್ಟಿಲು. ಕೊನೆಯ ಏರು ಮಾತ್ರ ಒಂದೇ ಉಸಿರಿನದು, ಕಲ್ಲೂ ಅಲ್ಲಿ ಪಾಚಿ ಹಿಡಿದಿರುತ್ತೆ. ಕಂಬಿ ಇದೆ. ಹುಡುಗರಿಗೆ ಹದಿನೈದು ನಿಮಿಷ. ನನ್ನ ಅತ್ತೆಗೆ ಮುಕ್ಕಾಲು ಗಂಟೆ ಆಗಿತ್ತು, ಅವರಿಗೂ ಮಂಡಿ ನೋವೇ.

ಟಾಯ್ಲೆಟ್ ಕೆಳಗೆ ಮಾತ್ರ. ಮೇಲೆ ಏನೂ ಇಲ್ಲ. ಹೊರಡುವ ಮೊದಲೇ ಮುಗಿಸಿಕೊಳ್ಳಿ.

ಇದೇ ಜಾಗಕ್ಕೆ "ಪಾರ್ಕಿಂಗ್‌ನಿಂದ ಎರಡು ಹೆಜ್ಜೆ" ಅಂತ ವಿಡಿಯೋ ಹಾಕುವವರಿದ್ದಾರೆ. ಅವರ ಹೆಜ್ಜೆ ಯಾವ ಅಳತೆಯದೋ!

ಎರಡು ಗಾಲಿ ಒಂದು ಕೋಲು
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ. ಊರುಗೋಲಿನಲ್ಲಿ ನಡೆಯುತ್ತೇನೆ, ದೂರ ಇದ್ದರೆ ಗಾಲಿಕುರ್ಚಿ. ಈ "ಸುಲಭ" ಅನ್ನುವ ಪದದ ಮೇಲೆ ನನಗೂ ಹಳೇ ಸಿಟ್ಟು. ಯಾರಿಗೆ ಸುಲಭ?

ನಾನು ಹೋದ ಜಾಗಗಳ ಲೆಕ್ಕ ಇಷ್ಟು. ಗಾಲಿಕುರ್ಚಿಯಲ್ಲೇ ಕೂತು ನೋಡಿದ್ದು ಗಗನಚುಕ್ಕಿಯ ಮೇಲಿನ ಕಟ್ಟೆ, ಭರಚುಕ್ಕಿಯ ಮೇಲಿನ ಕಟ್ಟೆ. ಕೋಲು ಊರಿಕೊಂಡು ಹೋದದ್ದು ಚುಂಚನಕಟ್ಟೆ. ಇರ್ಪಿಗೆ ಹೋದಾಗ ತೂಗುಸೇತುವೆಯವರೆಗೆ ನಾನೇ ನಡೆದೆ. ಮುಂದೆ ಗೆಳೆಯರು "ಎತ್ತಿಕೊಂಡು ಹೋಗುತ್ತೇವೆ ಬಾ" ಅಂದರು, ಬೇಡ ಅಂದೆ. ಮೂಟೆ ಹಾಗೆ ಹೊತ್ತುಕೊಂಡು ಹೋಗಿ ಇಳಿಸಿದರೆ ಅದು ನಾನು ಹೋದ ಹಾಗೆ ಆಗುವುದಿಲ್ಲ. ಸೇತುವೆ ಹತ್ತಿರವೇ ನೀರಿನ ಪಕ್ಕ ಕೂತೆ. ಅವರು ಮೇಲೆ ಹೋಗಿ ಬರುವಷ್ಟರಲ್ಲಿ ಒಂದು ಕೆಂಪು ಏಡಿ ಒಂದೇ ಕಲ್ಲನ್ನು ಮೂರು ಸಲ ಹತ್ತಿ ಮೂರು ಸಲ ಬಿತ್ತು. ನಾಲ್ಕನೇ ಸಲಕ್ಕೆ ಹತ್ತಿತು. ಅವರು ಬಂದು ಫಾಲ್ಸ್ ವರ್ಣನೆ ಮಾಡಿದರು, ನಾನು ಏಡಿ ವರ್ಣನೆ ಮಾಡಿದೆ.

ಒಂದು ಉಪಯೋಗದ ಮಾತು. ಅಮ್ಮ ಕೋಲು ಹಿಡಿಯುವುದಾದರೆ ಅದರ ತುದಿಯ ರಬ್ಬರ್ ಬುಷ್ ನೋಡಿ. ಸವೆದು ನುಣ್ಣಗಾಗಿದ್ದರೆ ಒದ್ದೆ ಕಲ್ಲಿನ ಮೇಲೆ ಐಸ್ ಮೇಲೆ ಇಟ್ಟ ಹಾಗೆ ಜಾರುತ್ತೆ. ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ, ಚಿಲ್ಲರೆ ದುಡ್ಡು. ಹೊಸದು ಹಾಕಿಸಿ.

ಕುವೆಂಪುನಗರದವಳು
ಸಾರ್, ರಬ್ಬರ್ ಬುಷ್ ಈಗಲೇ ನೋಡಿದೆ. ನಿಜ, ಒಂದು ಕಡೆ ಪೂರ್ತಿ ಸವೆದಿದೆ. ತುಂಬಾ ಥ್ಯಾಂಕ್ಸ್. ಏಡಿ ಕಥೆ ಅಮ್ಮನಿಗೆ ಓದಿ ಹೇಳಿದೆ, "ಇವರ ಜೊತೆ ಹೋಗಬೇಕು ನೋಡು" ಅಂದರು.

ಸರಸ್ವತಿಪುರಂ ಫಿಸಿಯೋ
ಮಂಡಿ ಆಪರೇಷನ್ ಆದವರಿಗೆ ನಾವು ಹೇಳಿಕೊಡುವುದು ಇದನ್ನೇ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಒಂದು ಮೆಟ್ಟಿಲಿಗೆ ಎರಡೂ ಕಾಲು ಬಂದ ಮೇಲೆ ಮುಂದಿನದು. ಇಳಿಯುವಾಗ ಮಗ ಪಕ್ಕದಲ್ಲಿ ಬೇಡ, ಒಂದು ಮೆಟ್ಟಿಲು ಕೆಳಗೆ ಅಮ್ಮನ ಕಡೆ ಮುಖ ಮಾಡಿ ಇರಲಿ. ಅವರು ಅವನ ತೋಳು ಹಿಡಿಯಬೇಕು. ಅವನು ಅವರನ್ನು ಎಳೆಯಬಾರದು. ಎಳೆದರೆ ಬ್ಯಾಲೆನ್ಸ್ ಹೋಗುತ್ತೆ. ಸುಸ್ತು ಗೊತ್ತಾಗುವುದು ಹತ್ತುವಾಗ, ಬೀಳುವುದು ಮಾತ್ರ ಇಳಿಯುವಾಗ. ಮೇಲೆ ಅರ್ಧ ಗಂಟೆ ಕೂರಿಸಿ ಆಮೇಲೆ ಇಳಿಸಿ. ಅವರ ಡಾಕ್ಟರನ್ನೂ ಒಂದು ಮಾತು ಕೇಳಿಕೊಳ್ಳಿ.

ವೀಕೆಂಡ್ ವಿಕ್ರಮ
ಇಷ್ಟೆಲ್ಲಾ ತಲೆ ಯಾಕೆ? ಬಲಮುರಿ ಇದೆಯಲ್ಲ. ಮೈಸೂರಿನಿಂದ ಅರ್ಧ ಗಂಟೆ. ನೀರಿನಲ್ಲೇ ಕಾಲಿಡಬಹುದು, ಮೆಟ್ಟಿಲೂ ಇಲ್ಲ, ಏನೂ ಇಲ್ಲ.

ಮದ್ದೂರು ವಡೆ
ಬಲಮುರಿ ಫಾಲ್ಸ್ ಅಲ್ಲ ಗುರು, ಅಣೆಕಟ್ಟೆ. ನಾಲೆಗೆ ನೀರು ತಿರುಗಿಸಲು ಹಳಬರು ಅಡ್ಡ ಕಟ್ಟಿದ್ದು. ಅದರ ಮೇಲೆ ನೀರು ಹರಿದು ಬೀಳುತ್ತೆ, ಅಷ್ಟೇ. ಅಲ್ಲಿ ಎಷ್ಟು ಜನ ಮುಳುಗಿ ಹೋಗಿದ್ದಾರೆ ಅಂತ ಶ್ರೀರಂಗಪಟ್ಟಣದವರನ್ನು ಕೇಳಿ. ಮೇಲೆ ಮೊಣಕಾಲುದ್ದ ಇದ್ದ ಹಾಗೆ ಕಾಣುತ್ತೆ, ಪಕ್ಕದಲ್ಲೇ ಗುಂಡಿ ಇರುತ್ತೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಂಡಿ ನೋವಿನ ಅಮ್ಮನನ್ನು ನಿಲ್ಲಿಸುತ್ತೀಯಾ?

ವೀಕೆಂಡ್ ವಿಕ್ರಮ
ನಾನು ಹತ್ತು ಸಲ ಹೋಗಿದ್ದೇನೆ, ಏನೂ ಆಗಿಲ್ಲ.

ಪಿಂಚಣಿ ಮೇಷ್ಟ್ರು
ಆದವರು ಇಲ್ಲಿ ಬಂದು ಬರೆಯುವುದಿಲ್ಲವಲ್ಲ ಮರಿ.

ಕೆ.ಆರ್.ನಗರದ ಭತ್ತ
ಗಾಲಿ ಸಾರ್ ಚುಂಚನಕಟ್ಟೆ ಹೆಸರು ಹೇಳಿದ್ದಕ್ಕೆ ಖುಷಿಯಾಯಿತು. ನಮ್ಮ ಕಡೆಯ ಫಾಲ್ಸನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೆ.ಆರ್.ನಗರದಿಂದ ಹತ್ತಿರ. ಎತ್ತರ ಜಾಸ್ತಿ ಇಲ್ಲ, ಸುಮಾರು 20 ಮೀಟರ್. ಆದರೆ ಕಾವೇರಿ ತುಂಬಿದಾಗ ಆ ಆರ್ಭಟ ನೋಡಬೇಕು. ಪಕ್ಕದಲ್ಲೇ ಕೋದಂಡರಾಮನ ಗುಡಿ. ಅಲ್ಲಿ ಸೀತಮ್ಮ ರಾಮನ ಬಲಕ್ಕೆ ನಿಂತಿದ್ದಾಳೆ, ಬೇರೆ ಕಡೆ ಎಡಕ್ಕೆ ಇರುತ್ತಾಳಲ್ಲ. ಹೊರಗೆ ಅಷ್ಟು ಸದ್ದು ಇದ್ದರೂ ಗರ್ಭಗುಡಿಯೊಳಗೆ ಕೇಳಿಸುವುದಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಾನು ಕಿವಿಗೊಟ್ಟು ನೋಡಿದ್ದೇನೆ. ಪೂಜಾರರ ಗಂಟೆ, ಜನರ ಗಲಾಟೆಯಲ್ಲಿ ನನಗಂತೂ ತೀರ್ಮಾನ ಆಗಲಿಲ್ಲ.

ಜನವರಿಯಲ್ಲಿ ದನಗಳ ಜಾತ್ರೆ. ಆಗ ಫಾಲ್ಸ್ ಸೊರಗಿರುತ್ತೆ, ಎತ್ತುಗಳು ಭರ್ಜರಿ ಇರುತ್ತವೆ.

ಕುವೆಂಪುನಗರದವಳು
ಚುಂಚನಕಟ್ಟೆ ಒಳ್ಳೆ ಸಲಹೆ, ಇನ್ನೊಂದು ಸಲಕ್ಕೆ ಇಟ್ಟುಕೊಂಡಿದ್ದೇನೆ. ಆದರೆ ಅಲ್ಲಿ ಬೆಟ್ಟ, ಕಾಡು ಇಲ್ಲವಲ್ಲ. ಅಮ್ಮನಿಗೆ ಕಾಡೇ ಬೇಕಂತೆ. ಇರ್ಪು ಅಂತಲೇ ಮನಸ್ಸಾಗಿದೆ. ಮಡಿಕೇರಿ ಅಬ್ಬಿ ಹೇಗೆ? ಅದೂ ಕೊಡಗೇ ಅಲ್ವಾ?

ಕುಟ್ಟದ ಕಾಫಿ
ಅಬ್ಬಿಗೆ ಹೋಗುವಾಗ ಇಳಿಯುವ ಮೆಟ್ಟಿಲು, ಬರುವಾಗ ಹತ್ತುವ ಮೆಟ್ಟಿಲು. ಹೋಗುವಾಗ ಎಲ್ಲರೂ ನಗುತ್ತಾ ಹೋಗುತ್ತಾರೆ. ಇರ್ಪು ಇದಕ್ಕೆ ಉಲ್ಟಾ. ಸುಸ್ತಾಯಿತು ಅಂದರೆ ಅಲ್ಲಿಂದಲೇ ತಿರುಗಿ ಇಳಿದುಬಿಡಬಹುದು. ಅಬ್ಬಿಯಲ್ಲಿ ಕೆಳಗೆ ಹೋದ ಮೇಲೆ ಸುಸ್ತಾದರೆ ಹತ್ತಲೇಬೇಕು. ಅದರ ಮೇಲೆ ಭಾನುವಾರದ ಜನ ಬೇರೆ.

ಅಂದಹಾಗೆ ನಮ್ಮ ಕಡೆ ಅಬ್ಬಿ ಅಂದರೇ ಜಲಪಾತ. "ಅಬ್ಬಿ ಫಾಲ್ಸ್" ಅನ್ನುವುದು "ಗೇಟ್ ಬಾಗಿಲು" ಅಂದ ಹಾಗೆ.

ಬನ್ನೂರು ಕುರಿ
ನಮ್ಮಲ್ಲಿ "ನಡುಸೆಂಟರ್" ಅನ್ನುತ್ತೇವೆ. ನಡೆಯುತ್ತೆ ಬಿಡಿ.

ಹುಣಸೂರು ಹೊಗೆಸೊಪ್ಪು
ದಾರಿ ಕೇಳಿಲ್ಲ, ಆದರೂ ಹೇಳುತ್ತೇನೆ. ಹುಣಸೂರಿನಿಂದ ಎರಡು ದಾರಿ. ಒಂದು ವೀರನಹೊಸಹಳ್ಳಿ ಗೇಟ್‌ನಲ್ಲಿ ನಾಗರಹೊಳೆ ಕಾಡೊಳಗೆ ಹೊಕ್ಕು ಕುಟ್ಟಕ್ಕೆ. ಇನ್ನೊಂದು ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲದ ಮೇಲೆ. ಕಾಡಿನ ದಾರಿಯಲ್ಲಿ ಹೋಗಿ, ಜಿಂಕೆ ಖಂಡಿತ, ಆನೆ ಅದೃಷ್ಟ. ಗಾಡಿ ನಿಲ್ಲಿಸುವ ಹಾಗಿಲ್ಲ, ಇಳಿಯುವ ಹಾಗಿಲ್ಲ. ಸಂಜೆ ಆರಕ್ಕೆ ಗೇಟ್ ಹಾಕುತ್ತಾರೆ.

ಸರಸ್ವತಿಪುರಂ ಫಿಸಿಯೋ
ಕಾಡಿನ ದಾರಿಯಲ್ಲಿ ರಸ್ತೆಯ ಉಬ್ಬು ಜಾಸ್ತಿ. ಮಂಡಿ ಮಡಚಿಕೊಂಡು ಅಷ್ಟು ಹೊತ್ತು ಇಳಿಯದೆ ಕೂರುವುದು ಅವರಿಗೆ ಕಷ್ಟ. ಹೋಗುವಾಗ ಗೋಣಿಕೊಪ್ಪದ ಮೇಲೆ ಹೋಗಿ, ಗಂಟೆಗೊಮ್ಮೆ ನಿಲ್ಲಿಸಿ ಎರಡು ನಿಮಿಷ ನಡೆಸಿ.

ಹುಣಸೂರು ಹೊಗೆಸೊಪ್ಪು
ಅದೂ ಸರಿಯೇ. ಹಾಗಾದರೆ ಬಿಳಿಕೆರೆಯಲ್ಲಿ ತಿಂಡಿ, ಗೋಣಿಕೊಪ್ಪದಲ್ಲಿ ಕಾಫಿ. ಇನ್ನು ಕಾಲಿಗೆ ನಮ್ಮೂರ ಮದ್ದು ಒಯ್ಯಿರಿ. ಹೊಗೆಸೊಪ್ಪನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಆ ನೀರಲ್ಲಿ ಕಾಲುಚೀಲ ಅದ್ದಿ ಒಣಗಿಸಿ ಹಾಕಿಕೊಂಡರೆ ಒಂದು ಜಿಗಣೆಯೂ ಹತ್ತಿರ ಸುಳಿಯಲ್ಲ.

ಕುವೆಂಪುನಗರದವಳು
ಜಿಗಣೆಯಾ?! ಇದನ್ನು ಯಾರೂ ಹೇಳಲೇ ಇಲ್ಲ.

ಕುಟ್ಟದ ಕಾಫಿ
ಅದು ಜಿಗಣೆ ಅಲ್ಲ, ಇಂಬಳ. ಜಿಗಣೆ ಕೆರೆ, ಗದ್ದೆ ನೀರಿನಲ್ಲಿ ಇರೋದು, ದಪ್ಪಗೆ. ಇಂಬಳ ನೆಲದ್ದು, ಎಲೆ ಮೇಲೆ ದಾರದ ಹಾಗೆ ಎದ್ದು ನಿಂತು ವಾಸನೆ ಹಿಡಿಯುತ್ತೆ.

ಮದ್ದೂರು ವಡೆ
ರಕ್ತ ಕುಡಿದರೆ ಎರಡೂ ಒಂದೇ.

ಕುಟ್ಟದ ಕಾಫಿ
ಮದ್ದೂರು ವಡೆ, ಉದ್ದಿನ ವಡೆ ಎರಡೂ ಎಣ್ಣೆಯಲ್ಲೇ ಕರಿಯೋದು, ಹಾಗಂತ ಒಂದೇನಾ?

ಮದ್ದೂರು ವಡೆ
ಒಪ್ಪಿದೆ. ಇಂಬಳ.

ಸರಸ್ವತಿಪುರಂ ಫಿಸಿಯೋ
ಕಚ್ಚಿದರೆ ಹೆದರಬೇಡಿ ಅಂತ ಅಮ್ಮನಿಗೆ ಮೊದಲೇ ಹೇಳಿಡಿ. ನೋವು ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಅಂಶ ಅದರ ಜೊಲ್ಲಿನಲ್ಲಿದೆ, ಹಾಗಾಗಿ ಬಿಟ್ಟ ಮೇಲೂ ಸುಮಾರು ಹೊತ್ತು ಸೋರುತ್ತೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ ಜಾಸ್ತಿ ಹೊತ್ತು ಸೋರಬಹುದು, ಎಚ್ಚರ. ಹೊಗೆಸೊಪ್ಪಿನ ನೀರು ವಯಸ್ಸಾದವರ ಚರ್ಮಕ್ಕೆ ಬೇಡ. ಉದ್ದ ಕಾಲುಚೀಲ, ಒಂದು ಪೊಟ್ಟಣ ಉಪ್ಪು ಸಾಕು.

ಮಳವಳ್ಳಿ ಮೈಲಿಗಲ್ಲು
ಗಗನಚುಕ್ಕಿಯಲ್ಲಿ ಇಂಬಳ ಇಲ್ಲ. ಸುಮ್ನೆ ಹೇಳಿದೆ ಅಷ್ಟೇ.

ಪಿಂಚಣಿ ಮೇಷ್ಟ್ರು
ಇರ್ಪು ಅಂದಾಗ ಒಂದು ಸಂಗತಿ ಹೇಳದೆ ಇರಲಾರೆ. ಅಲ್ಲಿ ಬೀಳುವುದು ಲಕ್ಷ್ಮಣತೀರ್ಥ ಹೊಳೆ, ಸುಮಾರು 170 ಅಡಿ. ಸೀತೆಯನ್ನು ಹುಡುಕಿಕೊಂಡು ಬಂದ ರಾಮನಿಗೆ ಬಾಯಾರಿಕೆಯಾಯಿತಂತೆ. ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟ, ನೀರು ಚಿಮ್ಮಿತು, ಹೊಳೆಗೆ ಅವನ ಹೆಸರೇ ಉಳಿಯಿತು. ಶಿವರಾತ್ರಿಗೆ ಅಲ್ಲಿ ತುಂಬಾ ಜನ ಸೇರುತ್ತಾರೆ.

ಅದೇ ಹೊಳೆ ಹುಣಸೂರು ಊರೊಳಗೆ ಹಾದು ಕೆ.ಆರ್.ಎಸ್ ಹಿನ್ನೀರಿಗೆ ಸೇರುತ್ತೆ. ಅಣೆಕಟ್ಟಿನ ಕೆಳಗೆ ಹೊಂಗಳ್ಳಿ, ಬೆಳಗೊಳದ ಪಂಪ್‌ಹೌಸ್‌ಗಳಿಂದ ಮೈಸೂರಿಗೆ ಕುಡಿಯುವ ನೀರು ಬರುತ್ತೆ. ಅಂದರೆ ನಿಮ್ಮ ಅಮ್ಮ ಇಷ್ಟು ವರ್ಷದಿಂದ ಸಾರು ಮಾಡಿದ್ದು ಆ ಫಾಲ್ಸ್ ನೀರೂ ಬೆರೆತಿರುವ ನೀರಿನಲ್ಲೇ.

ಮದ್ದೂರು ವಡೆ
ಕೆ.ಆರ್.ಎಸ್‌ನಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನಮ್ಮ ಕಬ್ಬಿಗೆ ಬರೋದೂ ಅದೇ. ಕೊಡಗಿನಲ್ಲಿ ಮಳೆ ಅಂದರೆ ನಮ್ಮಪ್ಪ ಇಲ್ಲಿ ಕೂತು ಟಿವಿ ನೋಡಿಕೊಂಡು "ಹುಯ್ಯಲಿ, ಹುಯ್ಯಲಿ" ಅಂತಾರೆ. ಕೆ.ಆರ್.ಎಸ್ ಪೂರ್ತಿ ತುಂಬಿ 124.80 ಅಡಿ ಆಗೋವರೆಗೂ ಅವರಿಗೆ ನಿದ್ದೆ ಇಲ್ಲ.

ಕುಟ್ಟದ ಕಾಫಿ
ಇಲ್ಲಿ ನಮ್ಮ ಬರೆ (ಗುಡ್ಡದ ಇಳಿಜಾರು) ಜರಿಯುತ್ತಿದ್ದರೂ ಹುಯ್ಯಲಿ ಅಂತೀರಾ ಅಣ್ಣ?

ಮದ್ದೂರು ವಡೆ
ಹಾಗಲ್ಲಪ್ಪ. ಅಳತೆಯಲ್ಲಿ ಹುಯ್ಯಲಿ.

ಹುಣಸೂರು ಹೊಗೆಸೊಪ್ಪು
ನಮ್ಮೂರಲ್ಲಿ ಆ ಹೊಳೆಗೆ ಚರಂಡಿ ನೀರು ಸೇರೋದನ್ನು ನೋಡಿದರೆ ಲಕ್ಷ್ಮಣ ಇನ್ನೊಂದು ಬಾಣ ಬಿಟ್ಟಾನು, ನಮ್ಮ ಕಡೆಗೆ. ಇರ್ಪಿನಲ್ಲೂ ಸ್ನಾನ ಮಾಡಿ ಒದ್ದೆ ಬಟ್ಟೆ ಅಲ್ಲೇ ಬಿಸಾಕಿ ಬರುತ್ತಾರೆ. ಪಾಪ ತೊಳೆಯಲು ಹೋದವರು ಪಂಚೆ ಯಾಕೆ ಬಿಡಬೇಕು?

ಬನ್ನೂರು ಕುರಿ
ಪಾಪ ಪಂಚೆಗೆ ಅಂಟಿಕೊಂಡಿರುತ್ತಂತೆ.

ಕುವೆಂಪುನಗರದವಳು
ಸರಿ, ಮುಂದಿನ ಭಾನುವಾರ ಅಂತ ತೀರ್ಮಾನ. ಊಟಕ್ಕೆ ಮೊಸರನ್ನ, ಪುಳಿಯೋಗರೆ ಒಯ್ಯುತ್ತೇವೆ. ಹೋಗಿ ಬಂದು ಬರೆಯುತ್ತೇನೆ.

ಕುಟ್ಟದ ಕಾಫಿ
ಭಾನುವಾರ ಬೇಡ ಅಕ್ಕ, ಮೆಟ್ಟಿಲ ಮೇಲೆ ಹುಡುಗರು ತಳ್ಳಿಕೊಂಡು ಓಡುತ್ತಾರೆ. ವಾರದ ದಿನ ಬನ್ನಿ, ಬೆಳಿಗ್ಗೆ ಹತ್ತರ ಒಳಗೆ. ಊಟದ ಡಬ್ಬಿ ಕಾರಿನಲ್ಲೇ ಇರಲಿ. ಕೋತಿಗಳಿಗೆ ಪುಳಿಯೋಗರೆ ವಾಸನೆ ನನಗಿಂತ ಮೊದಲು ಗೊತ್ತಾಗುತ್ತೆ. ಹಿಂದಿನ ರಾತ್ರಿ ಜೋರು ಮಳೆ ಬಂದರೆ ಇಲ್ಲಿ ಕೇಳಿ ಹೊರಡಿ, ನೀರು ಏರಿದಾಗ ಮೇಲೆ ಬಿಡುವುದಿಲ್ಲ.

ಕುವೆಂಪುನಗರದವಳು
ಹೋಗಿ ಬಂದೆವು! ಗುರುವಾರ, ತಮ್ಮ ರಜೆ ಹಾಕಿದ. ಬರೆಯಲು ಮೂರು ದಿನ ತಡವಾಯಿತು.

ಮನೆ ಬಿಟ್ಟಾಗ ಐದೂವರೆ. ಫಿಸಿಯೋ ಮೇಡಂ ಹೇಳಿದ ಹಾಗೆ ಮೂರು ಕಡೆ ನಿಲ್ಲಿಸಿದೆವು. ಇರ್ಪಿನಲ್ಲಿ ಇಳಿದಾಗ ದೇವಸ್ಥಾನದ ಮುಂದೆ ನಾವು ಬಿಟ್ಟರೆ ಇನ್ನೊಂದೇ ಕಾರು. ಅಮ್ಮ ಮೊದಲು ರಾಮೇಶ್ವರನಿಗೆ ಕೈ ಮುಗಿದರು, ಆಮೇಲೆ ಟಾಯ್ಲೆಟ್, ಆಮೇಲೆ ಟಿಕೆಟ್. ಆ ಕ್ರಮದಲ್ಲೇ ಆಗಬೇಕಂತೆ.

ತೂಗುಸೇತುವೆಯವರೆಗೆ ಕೈ ಕೂಡ ಹಿಡಿಯಲು ಬಿಡಲಿಲ್ಲ. ಸೇತುವೆ ಅಲುಗಾಡಿದಾಗ ಮಾತ್ರ ನನ್ನ ದುಪಟ್ಟಾ ತುದಿ ಹಿಡಿದುಕೊಂಡರು, ಕೈ ಅಲ್ಲ. ಮೆಟ್ಟಿಲು ಶುರುವಾದ ಮೇಲೆ ಎಣಿಸತೊಡಗಿದರು. ಗಟ್ಟಿಯಾಗಿ. "ವೇದಿಕೆಯಲ್ಲಿ ಹಾಕೋಣ, ಯಾರಿಗಾದರೂ ಬೇಕಾಗುತ್ತೆ" ಅಂತ. ಅರವತ್ತರ ಆಸುಪಾಸಿನಲ್ಲಿ ಒಂದು ಕೋತಿ ಕಂಬಿಯ ಮೇಲೆ ಬಂದು ಕೂತು ಅವರನ್ನೇ ನೋಡಿತು. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದರು, ಆಮೇಲೆ ಕೆಳಗೆ ಎಷ್ಟು ಬಿಟ್ಟೆವು ಅಂತ ಯಾರಿಗೂ ನೆನಪಿಲ್ಲ. ಹಾಗಾಗಿ ಲೆಕ್ಕ ಇಲ್ಲ, ಕ್ಷಮಿಸಿ.

ಕೊನೆಯ ಏರು ಅಮ್ಮ ಹತ್ತಲಿಲ್ಲ. ಅದನ್ನೂ ನೇರವಾಗಿ ಹೇಳಿಬಿಡುತ್ತೇನೆ. ಕೆಳಗೆ ನಿಂತು ಒಂದು ಸಲ ಮೇಲೆ ನೋಡಿದರು, ಕಲ್ಲಿನ ಮೇಲಿನ ಪಾಚಿ ನೋಡಿದರು, "ಇಲ್ಲೇ ಸಾಕು" ಅಂದರು. ನನಗೆ ಹೋದ ವರ್ಷದ್ದೇ ನೆನಪಾಗಿ ಬೇಜಾರಾಗತೊಡಗಿತ್ತು. ಅಷ್ಟರಲ್ಲಿ ಗಾಳಿ ತಿರುಗಿತು. ಮೇಲಿಂದ ತುಂತುರು ಹಾಗೇ ಮಡಿಕೆ ಮಡಿಕೆಯಾಗಿ ಇಳಿದು ಬಂದು ನಮ್ಮ ಮೇಲೆ ಬಿತ್ತು. ಅಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡು ನಿಂತರು. ನಾನು ದುಪಟ್ಟಾದಿಂದ ಒರೆಸಲು ಹೋದರೆ ಕೈ ತಳ್ಳಿದರು. ನಲವತ್ತು ನಿಮಿಷ ಕೂತಿದ್ದೆವು. ತಮ್ಮ ಮೇಲೆ ಹೋಗಲೇ ಇಲ್ಲ, "ನೀವು ಹೋಗದ ಮೇಲೆ ನಾನೊಬ್ಬನೇ ಯಾಕೆ" ಅಂದ. ಫೋಟೋ ಎರಡೇ.

ಇಳಿಯುವಾಗ ಅವನು ಒಂದು ಮೆಟ್ಟಿಲು ಕೆಳಗೆ, ಹಿಂದುಹಿಂದಕ್ಕೆ ನಡೆದ. ಅಮ್ಮ "ನೋವಿನ ಕಾಲು ಮೊದಲು, ನೋವಿನ ಕಾಲು ಮೊದಲು" ಅಂತ ಮಂತ್ರದ ಹಾಗೆ ಹೇಳಿಕೊಂಡೇ ಇಳಿದರು. ಹೊಸ ರಬ್ಬರ್ ಬುಷ್ ಒಂದು ಸಲವೂ ಜಾರಲಿಲ್ಲ. ಇಂಬಳ ಹತ್ತಿದ್ದು ನನಗೆ, ಎರಡು. ಅಮ್ಮನಿಗೆ ಒಂದೂ ಇಲ್ಲ.

ಕೆಳಗೆ ಬಂದು ಖಾಲಿ ನೀರಿನ ಬಾಟಲಿಗೆ ಹೊಳೆ ನೀರು ತುಂಬಿಸಿಕೊಂಡರು. ಈಗ ಅಡುಗೆಮನೆ ಕಿಟಕಿಯಲ್ಲಿದೆ. ನಲ್ಲಿ ನೀರಿನ ಲೋಟ ಪಕ್ಕದಲ್ಲಿಟ್ಟು ಬಂದವರಿಗೆಲ್ಲ "ಎರಡೂ ಒಂದೇ ಹೊಳೆದಂತೆ, ಮೇಷ್ಟ್ರು ಹೇಳಿದ್ದಾರೆ" ಅಂತ ತೋರಿಸುತ್ತಿದ್ದಾರೆ.

ಪಿಂಚಣಿ ಮೇಷ್ಟ್ರು
ತಾಯಿಗೆ ನನ್ನ ನಮಸ್ಕಾರ ಹೇಳಮ್ಮ. ಕುಡಿಯಬೇಡಿ ಅಂತಲೂ ಹೇಳು. ಕಾಯಿಸದೆ ಯಾವ ಹೊಳೆ ನೀರೂ ಬೇಡ.

ಎರಡು ಗಾಲಿ ಒಂದು ಕೋಲು
ಏಡಿ ಕಾಣಿಸಿತಾ?

ಕುವೆಂಪುನಗರದವಳು
ಹುಡುಕಿದರು ಸಾರ್. ಸಿಗಲಿಲ್ಲ. ಒಂದು ಕಲ್ಲು ತೋರಿಸಿ "ಇದೇ ಇರಬೇಕು" ಅಂದರು.

ಮಳವಳ್ಳಿ ಮೈಲಿಗಲ್ಲು
ಮುದ್ದೆ ಊಟ ಯಾವಾಗ?

ಹೊಸ ಅಪ್ಪ ಮಂಡ್ಯ
ಪೂರ್ತಿ ಓದಿದೆ, ತುಂಬಾ ಉಪಯೋಗ ಆಯಿತು. ನಮ್ಮದು ಹತ್ತು ತಿಂಗಳ ಮಗು. ಇರ್ಪಿಗೆ ಮಗುವಿನ ತಳ್ಳುಗಾಡಿ ಹೋಗುತ್ತಾ?

ಎರಡು ಗಾಲಿ ಒಂದು ಕೋಲು
ಮೊದಲ ಮೆಟ್ಟಿಲವರೆಗೆ ಹೋಗುತ್ತೆ. ಅಲ್ಲಿಂದ ಮುಂದೆ ಮಗುವನ್ನೂ ಎತ್ತಿಕೊಳ್ಳಬೇಕು, ಗಾಡಿಯನ್ನೂ ಎತ್ತಿಕೊಳ್ಳಬೇಕು. ಗಾಡಿ ಮನೆಯಲ್ಲೇ ಬಿಡಿ.